‘ಬಿಕಾಸ್’ಗೆ ಗೆರೆ ಎಳೆದರೆ ಕಾರಣ ಸಿಕ್ಕೀತೇ?

ಇಂಗ್ಲಿಷ್ ತರಗತಿಯಲ್ಲಿ ‘ಕಾಸ್ ಅಂಡ್ ಎಫೆಕ್ಟ್’ ಅಭ್ಯಾಸ ಹೇಗಿರುತ್ತದೆಂದು ಆರು, ಏಳನೇ ತರಗತಿಯ ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ವರ್ಕ್‌ಶೀಟಿನ ಎಡಗಡೆ ಐದಾರು ವಾಕ್ಯ, ಬಲಗಡೆ ಐದಾರು ವಾಕ್ಯ, ಹೊಂದಿಸಿ ಬರೆಯಬೇಕು. ಇಲ್ಲವಾದರೆ ಒಂದು ಪ್ಯಾರಾ ಕೊಟ್ಟಿರುತ್ತಾರೆ. ಅದರಲ್ಲಿ ‘ಬಿಕಾಸ್’, ‘ಸೋ’, ‘ದೇರ್‌ಫೋರ್’ ಎಲ್ಲೆಲ್ಲಿವೆ ಎಂದು ಹುಡುಕಿ ಗೆರೆ ಎಳೆಯಬೇಕು. ಚುರುಕು ಮಕ್ಕಳು ಪ್ಯಾರಾ ಓದುವ ಗೋಜಿಗೇ ಹೋಗುವುದಿಲ್ಲ. ‘ಬಿಕಾಸ್’ ಎಲ್ಲಿದೆ ನೋಡಿದರಾಯಿತು: ಅದರ ಮುಂದಿದ್ದದ್ದು ಕಾರಣ, ಹಿಂದಿದ್ದದ್ದು ಪರಿಣಾಮ. ಪೂರ್ತಿ ಅಂಕ. ಅವರನ್ನು ಬೈದು ಫಲವಿಲ್ಲ. ಕೇಳಿದ್ದನ್ನು ಮಾಡಿ ಕೊಟ್ಟಿದ್ದಾರೆ. ಕಥೆಯೊಂದನ್ನು ಓದುವಾಗ ಮನಸ್ಸು ಮಾಡುವ ಕೆಲಸ ಮಾತ್ರ ಬೇರೆಯೇ. ಮನೋವಿಜ್ಞಾನಿಗಳು ಅದನ್ನು ಅಳೆದು ನೋಡಿ ನಾಲ್ಕು ದಶಕಗಳಾದವು.

1984ರಲ್ಲಿ ಅಮೆರಿಕದ ಜಾನಿಸ್ ಕೀನನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಬಲು ಸರಳ. ಓದುಗರಿಗೆ ಎರಡೆರಡೇ ವಾಕ್ಯ ತೋರಿಸಿದರು. ಎರಡನೆಯ ವಾಕ್ಯ ಯಾವಾಗಲೂ ಒಂದೇ: ಮರುದಿನ ಆ ಹುಡುಗನ ಮೈಯೆಲ್ಲ ಕಂದುಗಟ್ಟಿತ್ತು. ಮೊದಲನೆಯದು ಮಾತ್ರ ಬದಲಾಗುತ್ತಿತ್ತು. ಒಂದರಲ್ಲಿ ಅಣ್ಣ ಅವನನ್ನು ಮೇಲಿಂದ ಮೇಲೆ ಗುದ್ದುತ್ತಾನೆ. ಇನ್ನೊಂದರಲ್ಲಿ ಇಳಿಜಾರಿನಲ್ಲಿ ಜೋರಾಗಿ ಹೋಗುತ್ತ ಸೈಕಲ್ಲಿನಿಂದ ಬೀಳುತ್ತಾನೆ. ಮೂರನೆಯದರಲ್ಲಿ ತಲೆಕೆಟ್ಟ ತಾಯಿಗೆ ಅವನ ಮೇಲೆ ವಿಪರೀತ ಸಿಟ್ಟು ಬರುತ್ತದೆ, ಅಷ್ಟೇ. ನಾಲ್ಕನೆಯದರಲ್ಲಿ ಪಕ್ಕದ ಮನೆಗೆ ಆಡಲು ಹೋಗುತ್ತಾನೆ.

ಒಂದರಿಂದ ನಾಲ್ಕಕ್ಕೆ ಬಂದಂತೆ ಎರಡನೆಯ ವಾಕ್ಯ ಓದಲು ಹಿಡಿಯುವ ಸಮಯ ಹೆಚ್ಚುತ್ತಾ ಹೋಯಿತು. ಇದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇದ್ದದ್ದು ನೆನಪಿನಲ್ಲಿ. ಆಮೇಲೆ ಕೇಳಿದಾಗ ಓದುಗರ ನೆನಪಿನಲ್ಲಿ ಚೆನ್ನಾಗಿ ಉಳಿದದ್ದು ಗುದ್ದಿನ ಕಥೆಯೂ ಅಲ್ಲ, ಪಕ್ಕದ ಮನೆಯ ಕಥೆಯೂ ಅಲ್ಲ, ನಡುವಿನವು. ತಾಯಿ ಹೊಡೆದಳೆಂದು ಎಲ್ಲೂ ಬರೆದಿರಲಿಲ್ಲ. ಹೊಡೆದದ್ದನ್ನು ಓದುಗರೇ ತಮ್ಮ ತಲೆಯಲ್ಲಿ ಸೇರಿಸಿಕೊಂಡಿದ್ದರು. ಸೇರಿಸಲು ಪಟ್ಟ ಆ ಚೂರು ಶ್ರಮವೇ ಎರಡು ವಾಕ್ಯಗಳನ್ನೂ ಬಿಗಿಯಾಗಿ ಕಟ್ಟಿತ್ತು. ಗುದ್ದಿನ ಕಥೆಯಲ್ಲಿ ಸೇರಿಸಲು ಏನೂ ಇರಲಿಲ್ಲ. ಪಕ್ಕದ ಮನೆಯ ಕಥೆಯಲ್ಲಿ ಸೇರಿಸಲು ಏನೂ ಸಿಗಲಿಲ್ಲ. ಓದುಗರು ಕಾರಣವನ್ನು ಕಂಡುಕೊಂಡದ್ದು ‘ಬಿಕಾಸ್’ ಎಂಬ ಪದದ ನೆರವಿನಿಂದಲ್ಲ ಎಂಬುದನ್ನು ವರ್ಕ್‌ಶೀಟ್ ತಯಾರಿಸುವವರು ಗಮನಿಸಬೇಕು.

ಅದೇ ಸುಮಾರಿಗೆ ಟಾಮ್ ಟ್ರಬಾಸೊ ಮತ್ತಿತರರು ಇಡೀ ಕಥೆಗಳನ್ನೇ ಬಿಡಿಸಿ ನೋಡಿದರು. ಯಾವ ಘಟನೆಗೆ ಹಿಂದು ಮುಂದಿನ ಹೆಚ್ಚು ಘಟನೆಗಳ ಜತೆ ಕಾರಣದ ಕೊಂಡಿ ಇದೆಯೋ ಅದನ್ನು ಜನ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ, ಮುಖ್ಯವೆಂದೂ ಅದನ್ನೇ ಹೇಳುತ್ತಾರೆ. ‘ಈ ಪಾಠದ ಸಾರಾಂಶ ಬರೆಯಿರಿ’ ಎಂದಾಗ ಕೆಲವು ಮಕ್ಕಳು ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಒಪ್ಪಿಸಿಬಿಡುತ್ತಾರಲ್ಲ, ಅವರಿಗೆ ಕೊರತೆಯಾಗಿರುವುದು ಇಂಗ್ಲಿಷ್ ಪದಗಳದ್ದೇ ಇರಲಾರದು. ಯಾವುದರಿಂದ ಯಾವುದಾಯಿತೆಂಬ ಕೊಂಡಿ ಅವರಿಗೆ ಕಾಣದೇ ಇರಬಹುದು.

ಹಾಗೆಂದು ಮಕ್ಕಳಿಗೆ ಕಾರಣದ ತಿಳಿವಳಿಕೆ ಇಲ್ಲವೆಂದಲ್ಲ. ಬರ್ಕ್ಲಿಯ ಆಲಿಸನ್ ಗೋಪ್ನಿಕ್ ಮತ್ತು ಜತೆಗಾರರು ಒಂದು ಪೆಟ್ಟಿಗೆ ಮಾಡಿದ್ದರು. ಕೆಲವು ಮರದ ತುಂಡುಗಳನ್ನು ಮೇಲಿಟ್ಟರೆ ದೀಪ ಹತ್ತಿ ಸಂಗೀತ ಬರುತ್ತದೆ, ಮತ್ತೆ ಕೆಲವನ್ನು ಇಟ್ಟರೆ ಏನೂ ಆಗುವುದಿಲ್ಲ. ಯಾವ ತುಂಡಿನಿಂದ ಪೆಟ್ಟಿಗೆ ಹಾಡಿತೆಂಬುದನ್ನು ಮೂರು ನಾಲ್ಕು ವರ್ಷದ ಮಕ್ಕಳು ಕೆಲವೇ ಸಲ ನೋಡಿ ಹೇಳುತ್ತಿದ್ದರು. ತೊಡಕು ಬರುವುದು ಗೊತ್ತಿರುವ ಕಾರಣವನ್ನು ವಾಕ್ಯದಲ್ಲಿ ಕೂರಿಸುವಾಗ. ಜಿನೀವಾದ ಜೀನ್ ಪಿಯಾಜೆ 1920ರ ದಶಕದಲ್ಲೇ ಇದನ್ನು ಕಂಡಿದ್ದರು. ‘ಏಕೆಂದರೆ’ ಎಂಬಲ್ಲಿಗೆ ವಾಕ್ಯ ನಿಲ್ಲಿಸಿ, ಮುಂದೆ ಪೂರ್ತಿ ಮಾಡಿ ಎಂದರೆ ಚಿಕ್ಕ ಮಕ್ಕಳು ಎಷ್ಟೋ ಸಲ ಕಾರಣದ ಜಾಗದಲ್ಲಿ ಪರಿಣಾಮವನ್ನೇ ಹೇಳಿಬಿಡುತ್ತಿದ್ದರು: ಬಿದ್ದ, ಏಕೆಂದರೆ ಗಾಯವಾಯಿತು, ಎಂಬ ಧಾಟಿಯಲ್ಲಿ.

ನಮ್ಮ ಮಕ್ಕಳಿಗೆ ಇದರ ಮೇಲೆ ಇನ್ನೊಂದು ತಿರುವು. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇವೆ: ಮಳೆ ಬಂದದ್ದರಿಂದ ಆಟ ನಿಂತಿತು. ಇಂಗ್ಲಿಷಿನ ‘ಬಿಕಾಸ್’ ವಾಕ್ಯ ಹೆಚ್ಚಾಗಿ ಆಟ ನಿಂತದ್ದನ್ನು ಮೊದಲು ಹೇಳಿ ಮಳೆಯನ್ನು ಬಾಲಕ್ಕೆ ಕಟ್ಟುತ್ತದೆ. ಬರೆದ ಕ್ರಮವನ್ನೇ ನಡೆದ ಕ್ರಮವೆಂದುಕೊಂಡ ಮಗು ಇಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ‘ಏನಾಯಿತು, ಯಾಕಾಯಿತು, ಮೊದಲು ಕನ್ನಡದಲ್ಲೇ ಹೇಳು’ ಎನ್ನುವ ಇಂಗ್ಲಿಷ್ ಮೇಷ್ಟ್ರ ಬಗ್ಗೆ ನನಗೆ ಗೌರವ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಈಗ ಒಂದು ನಿಜವಾದ ಪಾಠಕ್ಕೆ ಬರೋಣ. ಎನ್‌ಸಿಇಆರ್‌ಟಿಯ 8ನೇ ತರಗತಿಯ ಇಂಗ್ಲಿಷ್ ಪುಸ್ತಕ ‘ಹನಿಡ್ಯೂ’ನಲ್ಲಿ ಹಲವು ವರ್ಷ ಸುನಾಮಿಯ ಬಗ್ಗೆ ಒಂದು ಪಾಠವಿತ್ತು. ಅದರಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಬ್ರಿಟಿಷ್ ಹುಡುಗಿಯ ಪ್ರಸಂಗ ಬರುತ್ತದೆ. 2004ರ ಡಿಸೆಂಬರ್ 26ರ ಬೆಳಗ್ಗೆ ಥಾಯ್ಲೆಂಡಿನ ಫುಕೆಟ್‌ನ ಮೈ ಖಾವೊ ಕಡಲತೀರದಲ್ಲಿ ಅವಳು ಮನೆಯವರ ಜತೆ ಇದ್ದಳು. ನೀರು ನೊರೆಗಟ್ಟಿ ಗುಳ್ಳೆಯೇಳುತ್ತಿತ್ತು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಲಕ್ಷಣಗಳನ್ನು ಕಲಿತಿದ್ದ ಅವಳು ಕೂಗಾಡಿ ಅಪ್ಪ ಅಮ್ಮನನ್ನು ಎಚ್ಚರಿಸಿದಳು. ಅಪ್ಪ ಹೋಟೆಲಿನ ಕಾವಲಿನವರಿಗೆ ತಿಳಿಸಿದರು. ತೀರ ಖಾಲಿಯಾಯಿತು. ಆ ಮರಳದಂಡೆಯಲ್ಲಿ ಯಾರೂ ಸಾಯಲಿಲ್ಲ.

ಅಲ್ಲಿನ ಜನ ಬದುಕಿದ್ದು ಯಾಕೆ? ಗೈಡಿನ ಉತ್ತರ ಒಂದೇ ಸಾಲು: ಟಿಲ್ಲಿ ಎಚ್ಚರಿಸಿದ್ದರಿಂದ. ತಪ್ಪೇನಲ್ಲ, ಆದರೆ ಅಲ್ಲಿಗೇ ನಿಂತರೆ ಮಕ್ಕಳು ಏನೂ ಕಲಿಯಲಿಲ್ಲ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಕೊಟ್ಟಿದ್ದ ಒಂದು ಒರೆಗಲ್ಲು ಇದೆ: ಅದು ಆಗದಿದ್ದರೆ ಇದು ಆಗುತ್ತಿತ್ತೇ? ಒಂದೊಂದೇ ಕೊಂಡಿಯನ್ನು ಕಳಚಿ ಹೀಗೆ ಕೇಳುತ್ತಾ ಹೋಗಬೇಕು. ಭೂಗೋಳದ ಪಾಠ ಎರಡು ವಾರ ತಡವಾಗಿದ್ದರೆ? ಹುಡುಗಿಗೆ ಗೊತ್ತಿದ್ದೂ ಅಪ್ಪ ನಂಬದೇ ಹೋಗಿದ್ದರೆ? ಅಪ್ಪ ನಂಬಿ, ಕಾವಲಿನವರು ನಕ್ಕು ಸುಮ್ಮನಾಗಿದ್ದರೆ? ಇನ್ನೊಂದು ಪ್ರಶ್ನೆ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ: ಭೂಕಂಪ ಹತ್ತಿರದಲ್ಲೇ ಆಗಿದ್ದರೆ? ಭೂಕಂಪವಾದ ಸುಮಾತ್ರಾದ ಕಡೆಯಿಂದ ಫುಕೆಟ್‌ಗೆ ಅಲೆ ಮುಟ್ಟಲು ಎರಡು ತಾಸಿನಷ್ಟು ಹಿಡಿಯಿತು. ಭೂಕಂಪದ ಮಗ್ಗುಲಲ್ಲೇ ಇದ್ದ ಬಂದಾ ಆಚೆ ನಗರಕ್ಕೆ ಅದು ಅರ್ಧ ತಾಸಿನೊಳಗೆ ನುಗ್ಗಿತ್ತು. ಅಲ್ಲಿ ಹೀಗೆ ನಿಧಾನವಾಗಿ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸಲು ಪುರುಸೊತ್ತೆಲ್ಲಿ? ಜನ ಉಳಿಯಲು ಟಿಲ್ಲಿಯ ಕೂಗು ಕಾರಣ. ಆ ಕೂಗು ಫಲಿಸಲು ದೂರವೂ ಕಾರಣ.

ಹಿಂದಕ್ಕೆ ಹೋದರೆ ಸರಪಳಿ ವಿಜ್ಞಾನದ ತರಗತಿಗೆ ಇಳಿಯುತ್ತದೆ. ಭಾರತದ ಭೂಫಲಕ ಪಕ್ಕದ ಫಲಕದ ಅಡಿಗೆ ನುಸುಳುತ್ತ ಸಿಕ್ಕಿಕೊಂಡಿತ್ತು. ಅಂದು ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಒಮ್ಮೆಲೇ ಜಾರಿ 9.1 ತೀವ್ರತೆಯ ಭೂಕಂಪವಾಯಿತು. ಬಿರುಕಿನ ಪಶ್ಚಿಮಕ್ಕೆ ಕಡಲತಳ ಎದ್ದಿತು, ಪೂರ್ವಕ್ಕೆ ಕುಸಿಯಿತು. ಮೇಲಿನ ನೀರೂ ಹಾಗೆಯೇ ಎದ್ದು ಕುಸಿಯಿತು. ಹಾಗಾಗಿ ಪೂರ್ವದ ಥಾಯ್ಲೆಂಡಿಗೆ ಅಲೆಯ ತಗ್ಗು ಮೊದಲು ಮುಟ್ಟಿತು. ಹಲವೆಡೆ ಸಮುದ್ರ ಹಿಂದೆ ಸರಿದು ತಳ ಕಂಡಿತು. ಪಶ್ಚಿಮದ ಚೆನ್ನೈಗೆ ಮೊದಲು ಬಂದದ್ದು ಏರಿದ ನೀರೇ. ಒಂದೇ ಭೂಕಂಪ, ಒಂದು ದಡದಲ್ಲಿ ಮುನ್ಸೂಚನೆ ಕೊಟ್ಟಿತು, ಇನ್ನೊಂದರಲ್ಲಿ ಕೊಡಲಿಲ್ಲ. ಒಂದು ಕಾರಣಕ್ಕೆ ಒಂದೇ ಪರಿಣಾಮವೆಂದು ಗೆರೆ ಹೊಂದಿಸುವ ವರ್ಕ್‌ಶೀಟಿನಲ್ಲಿ ಇದನ್ನು ಎಲ್ಲಿ ಬರೆಯುವುದು?

ಅದೇ ಪಾಠದಲ್ಲಿ ಇನ್ನೂ ಸ್ವಾರಸ್ಯದ ಭಾಗವೊಂದಿದೆ. ಅಲೆ ಬರುವ ಮೊದಲೇ ಪ್ರಾಣಿಗಳಿಗೆ ಸುಳಿವು ಸಿಕ್ಕಿತ್ತಂತೆ. ಆನೆಗಳು ಘೀಳಿಟ್ಟು ಎತ್ತರದ ಜಾಗಕ್ಕೆ ಓಡಿದವಂತೆ. ಆಗ ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿಯಿದು. ಮಕ್ಕಳಿಗೂ ಬಹಳ ಇಷ್ಟ, ಶಿಕ್ಷಕರಿಗೂ ಇಷ್ಟ. ಆದರೆ ಶ್ರೀಲಂಕಾದ ಯಾಲಾ ಕಾಡಿನ ಕಡೆ ಎರಡು ಆನೆಗಳ ಕೊರಳಿಗೆ, ಬೇರೆಯದೇ ಅಧ್ಯಯನಕ್ಕಾಗಿ, ಉಪಗ್ರಹದ ಪಟ್ಟಿ ಕಟ್ಟಿದ್ದರು. ಸುನಾಮಿಯ ದಿನವೂ ಅವು ಎಲ್ಲಿದ್ದವೆಂಬ ದಾಖಲೆ ಉಳಿದಿತ್ತು. 2006ರಲ್ಲಿ ಸಂಶೋಧಕರು ಅದನ್ನು ಬಿಡಿಸಿ ನೋಡಿದರೆ, ಆ ಆನೆಗಳು ಮುನ್ಸೂಚನೆ ಸಿಕ್ಕಂತೆ ಓಡಿದ ಗುರುತೇ ಇರಲಿಲ್ಲ.

ಎರಡು ಆನೆಗಳಿಂದ ವ್ಯಾಜ್ಯ ತೀರಿತೆಂದು ನಾನು ಹೇಳುತ್ತಿಲ್ಲ. ಯಾಲಾದಲ್ಲಿ ಪ್ರಾಣಿಗಳ ಹೆಣ ಹೆಚ್ಚು ಸಿಗಲಿಲ್ಲವೆಂಬುದೂ ವರದಿಯಾಗಿತ್ತು. ಎಂಟನೇ ತರಗತಿಯವರು ಕೇಳಬೇಕಾದ ಪ್ರಶ್ನೆಗಳು ಹುಟ್ಟುವುದು ಇಲ್ಲೇ. ಆನೆ ಓಡಿದ್ದನ್ನು ಕಂಡವರು ಅದನ್ನು ಹೇಳಿದ್ದು ಅಲೆ ಬರುವ ಮೊದಲೋ, ಬಂದ ಮೇಲೋ? ಸುನಾಮಿ ಇಲ್ಲದ ದಿನಗಳಲ್ಲಿ ಆನೆಗಳು ಓಡಿದ್ದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಅಂದು ಓಡದೇ ನಿಂತ ಆನೆಗಳ ಸುದ್ದಿಯನ್ನು ಯಾವ ಪತ್ರಿಕೆ ಹಾಕೀತು? ಪಾಠದಲ್ಲಿ ಅಚ್ಚಾಗಿದೆಯೆಂಬ ಒಂದೇ ಕಾರಣಕ್ಕೆ ಒಂದು ಕಾರಣ ನಿಜವಾಗಿಬಿಡುವುದಿಲ್ಲ ಎಂದು ಹದಿಮೂರರ ಹುಡುಗಿಗೆ ಹೊಳೆದರೆ, ಆ ವರ್ಷದ ಇಂಗ್ಲಿಷಿಗೆ ಬೇರೆ ಸಾರ್ಥಕತೆ ಬೇಡ.

ಸುನಾಮಿ ದೂರವೆನಿಸಿದರೆ ಕಪ್ಪೆ ಮದುವೆ ಇದೆಯಲ್ಲ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ಮಳೆಗಾಗಿ ಕಪ್ಪೆಗಳಿಗೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದರು. ಅದೇ ವರ್ಷ ಭೋಪಾಲದಲ್ಲೂ ಮಾಡಿಸಿದ್ದರು. ಅಲ್ಲಿ ಮಳೆ ಅತಿಯಾಗಿ ಸೆಪ್ಟೆಂಬರ್‌ನಲ್ಲಿ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಬೇಕಾಯಿತು! ನಗುವುದು ಸುಲಭ. ಮದುವೆ ಮಾಡದ ವರ್ಷಗಳಲ್ಲಿ ಜೂನ್ ಮಳೆ ಎಷ್ಟಿತ್ತು, ಮಾಡಿದ ವರ್ಷ ಎಷ್ಟಿತ್ತು ಎಂದು ಹುಡುಕಿ, ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ತಾ ಎಂದರೆ ಕೆಲಸ ಶುರುವಾಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ಅಜ್ಜಿ ಹೇಳುವುದು ಇದನ್ನೇ. ಅದು ಹೇಗೆಂದು ಲೆಕ್ಕ ಹಾಕಿ ತೋರಿಸುವುದು ಶಾಲೆಯ ಪಾಲಿನ ಕೆಲಸ.

ಇದನ್ನೆಲ್ಲ ತರಗತಿಯಲ್ಲಿ ಮಾಡಲು ಹೊಸ ಪುಸ್ತಕ, ಹೊಸ ಲ್ಯಾಬು ಬೇಕಿಲ್ಲ. ಅಡ್ಡಿಯಾಗಿರುವುದು ಪರೀಕ್ಷೆ. ‘ವೈ’ ಎಂಬ ಪ್ರಶ್ನೆಗೆ ಪ್ಯಾರಾದ ಒಂದು ಸಾಲನ್ನು ಹಾಗೇ ಎತ್ತಿ ಬರೆದರೆ ಅಂಕ ಸಿಗುವ ತನಕ ಶಿಕ್ಷಕರು ಕಲಿಸುವುದೂ ಅದನ್ನೇ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ: ಪ್ರತಿ ಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆಯಾದರೂ ಹಾಕಿ, ಪ್ಯಾರಾದಲ್ಲಿ ಎಲ್ಲೂ ಬರೆದಿರದ ಕಾರಣವನ್ನು ಮಗುವೇ ಕಂಡುಕೊಂಡು ಹೇಳಬೇಕಾದದ್ದು. ವ್ಯಾಕರಣ ಅಲ್ಲಿ ಇಲ್ಲಿ ಎಡವಿದ್ದರೂ ಕೊಂಡಿ ಸರಿಯಿದ್ದರೆ ಅಂಕ ಕೊಡಿ.