ಹೆಸರಿನ ಹೊಲದಲ್ಲಿ ಅಕ್ಕಡಿ ಸಾಲು

ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವವರಿಗೆ ಅದರ ಕಾರಣವನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಗಿಗೆ ರೋಗ ಬಿದ್ದ ವರ್ಷವೂ ಮನೆಗೆ ಒಂದಷ್ಟು ಕಾಳು ಬರಬೇಕು. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂನಲ್ಲಿರುವ ಎನ್‌ಎಲ್‌ನೆಟ್ ಲ್ಯಾಬ್ಸ್ ಎಂಬ ಪುಟ್ಟ ಸಂಸ್ಥೆ ಇಂಟರ್ನೆಟ್ಟಿನ ಬೇರಿನಲ್ಲಿ ಮಾಡಿದ್ದು ಇಂಥದೇ ಕೆಲಸ. 1999ರಲ್ಲಿ ಹುಟ್ಟಿದ ಈ ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ. ಅದು ಬರೆಯುವ ಡಿಎನ್‌ಎಸ್ ತಂತ್ರಾಂಶವನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು.

ಡಿಎನ್‌ಎಸ್ ಎಂದರೆ ಹೆಸರು ಹೇಳಿ ವಿಳಾಸ ಕೇಳುವ ಏರ್ಪಾಡು. ಹೊಸ ಊರಿನಲ್ಲಿ ಮನೆ ಹುಡುಕುವಾಗ ಬಸ್ ಸ್ಟ್ಯಾಂಡಿನವರು ಕೇರಿ ತೋರಿಸುತ್ತಾರೆ, ಕೇರಿಯವರು ಓಣಿ ತೋರಿಸುತ್ತಾರೆ, ಮನೆ ಗೊತ್ತಿರುವುದು ಓಣಿಯವರಿಗೆ. ಕನ್ನಡ ವಿಕಿಪೀಡಿಯ ತೆರೆಯಲು ಹೊರಟ ಕಂಪ್ಯೂಟರಿನ ಪರವಾಗಿ ರಿಸಾಲ್ವರ್ ಎಂಬ ತಂತ್ರಾಂಶ ಹೀಗೆಯೇ ಅಲೆಯುತ್ತದೆ. ಮೊದಲು ರೂಟ್ ಸರ್ವರ್, ಅದು ತೋರಿಸಿದ ‘ಡಾಟ್ ಆರ್ಗ್’ ಸರ್ವರ್, ಕೊನೆಗೆ ವಿಕಿಪೀಡಿಯದ್ದೇ ಸರ್ವರ್. ಸಿಕ್ಕ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬುದೂ ಉತ್ತರದಲ್ಲೇ ಬರೆದಿರುತ್ತದೆ. ಈ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ಮೊಕಪೆಟ್ರಿಸ್. ಅದಕ್ಕೆ ಮುಂಚೆ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಫೈಲಿನಲ್ಲಿದ್ದವು.

ಬರ್ಕ್ಲಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಬರೆದ ಡಿಎನ್‌ಎಸ್ ತಂತ್ರಾಂಶ ‘ಬೈಂಡ್’ ಮುಂದೆ ಪಾಲ್ ವಿಕ್ಸಿ ಮೊದಲಾದವರ ಆರೈಕೆಯಲ್ಲಿ ಬೆಳೆಯಿತು. ಎಷ್ಟು ಬೆಳೆಯಿತೆಂದರೆ, ಹೊಸ ಶತಮಾನ ಶುರುವಾಗುವ ಹೊತ್ತಿಗೆ 13 ಹೆಸರಿನ ರೂಟ್ ಸರ್ವರುಗಳೆಲ್ಲ ಅದನ್ನೇ ನೆಚ್ಚಿಕೊಂಡಿದ್ದವು. ಒಳ್ಳೆಯ ತಳಿಯೇ, ಆದರೆ ಹೊಲವಿಡೀ ಅದೊಂದೇ. ಬೈಂಡ್‌ನಲ್ಲಿ ಒಂದು ದೊಡ್ಡ ತಪ್ಪು ಕಂಡರೆ ಅದು ಎಲ್ಲ ಕಡೆಯೂ ಒಟ್ಟಿಗೇ ಇರುತ್ತಿತ್ತು.

ಆಮ್‌ಸ್ಟರ್‌ಡ್ಯಾಂನ ತಂಡ ಬೈಂಡ್‌ನ ಕೋಡನ್ನು ಮುಟ್ಟದೆ, ಮೊದಲ ಸಾಲಿನಿಂದ ಹೊಸದಾಗಿ ‘ಎನ್‌ಎಸ್‌ಡಿ’ ಬರೆಯಿತು. ಅದಕ್ಕೆ ಕೊಟ್ಟದ್ದು ಒಂದೇ ಕೆಲಸ: ತನಗೆ ಒಪ್ಪಿಸಿದ ಹೆಸರುಗಳ ಬಗ್ಗೆ ಕೇಳಿದರೆ ಉತ್ತರ ಹೇಳುವುದು. ಬೇರೆಯವರ ವಿಳಾಸ ಹುಡುಕಿಕೊಂಡು ಅದು ಹೋಗುವುದಿಲ್ಲ. ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದನ್ನು ಒರೆಗೆ ಹಚ್ಚಿದ ಬಗೆ. ಆ 13ರಲ್ಲಿ ಒಂದಾದ ಕೆ-ರೂಟ್ ಸರ್ವರನ್ನು ನಡೆಸುವ ರೈಪ್ ಎನ್‌ಸಿಸಿ ಸಂಸ್ಥೆಯವರು ನಿಜವಾದ ಪ್ರಶ್ನೆಗಳನ್ನು ದಾಖಲಿಸಿಕೊಂಡು, ಅವನ್ನೇ ಬೈಂಡ್‌ಗೂ ಎನ್‌ಎಸ್‌ಡಿಗೂ ಕೇಳಿ, ಎರಡರ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲೆಲ್ಲ ಕಾರಣ ಹುಡುಕಿ ಬರೆದಿಟ್ಟರು. 2003ರಲ್ಲಿ ಕೆ-ರೂಟ್ ಎನ್‌ಎಸ್‌ಡಿಗೆ ಬದಲಾಯಿತು. ಜಗತ್ತಿಗೆ ಅದು ಗೊತ್ತಾಗಲಿಲ್ಲ. ಈ ಕಸುಬಿನಲ್ಲಿ ಗೆಲುವೆಂದರೆ ಅದೇ.

ಅಲೆದಾಡಿ ಉತ್ತರ ತರುವ ರಿಸಾಲ್ವರಿಗಾಗಿ ಅದೇ ತಂಡ ‘ಅನ್‌ಬೌಂಡ್’ ಬರೆದು, ಮೊದಲ ಆವೃತ್ತಿಯನ್ನು 2008ರ ಮೇ ತಿಂಗಳಲ್ಲಿ ಹೊರತಂದಿತು. ಎರಡೇ ತಿಂಗಳಿಗೆ ದೊಡ್ಡ ಪರೀಕ್ಷೆ ಎದುರಾಯಿತು. ರಿಸಾಲ್ವರಿಗೆ ಸುಳ್ಳು ವಿಳಾಸ ನಂಬಿಸುವ ಸುಲಭ ದಾರಿಯನ್ನು ಭದ್ರತಾ ಸಂಶೋಧಕ ಡ್ಯಾನ್ ಕಮಿನ್ಸ್‌ಕಿ ಕಂಡುಹಿಡಿದಿದ್ದರು. ಪ್ರತಿ ಪ್ರಶ್ನೆಗೂ 65,536 ಸಂಖ್ಯೆಗಳಲ್ಲಿ ಒಂದರ ಗುರುತಿರುತ್ತದೆ. ಅದನ್ನು ಊಹಿಸಿ, ನಿಜವಾದ ಉತ್ತರ ಬರುವ ಮುಂಚೆಯೇ ಸುಳ್ಳು ಉತ್ತರ ಕಳಿಸಿದರಾಯಿತು. ಒಂದು ಸಲ ತಪ್ಪಿದರೆ ಮತ್ತೆ ಮತ್ತೆ ಪ್ರಯತ್ನಿಸುವ ಉಪಾಯ ಕಮಿನ್ಸ್‌ಕಿಗೆ ಹೊಳೆದಿತ್ತು. ತಂತ್ರಾಂಶ ಬರೆಯುವವರೆಲ್ಲ ಗುಟ್ಟಾಗಿ ಕೂಡಿ ಜುಲೈ 8ರಂದು ಒಟ್ಟಿಗೆ ತೇಪೆ ಹಾಕಿದರು. ಪ್ರಶ್ನೆ ಹೊರಡುವ ಬಾಗಿಲನ್ನೂ, ಅಂದರೆ ಪೋರ್ಟನ್ನೂ, ಪ್ರತಿ ಸಲ ಬದಲಾಯಿಸುವುದೇ ಆ ತೇಪೆ. ಆಗ ಮೋಸಗಾರ ಎರಡನ್ನೂ ಊಹಿಸಬೇಕಾಗುತ್ತದೆ. ಅನ್‌ಬೌಂಡ್ ಹುಟ್ಟಿನಿಂದಲೇ ಹಾಗೆ ಬಾಗಿಲು ಬದಲಾಯಿಸುತ್ತಿತ್ತು.

ಬರೆಯುವುದು ಒಂದು ಕಾಲದ ಕೆಲಸ, ಕಾಯುವುದು ಮುಗಿಯದ್ದು. ಡಿಎನ್‌ಎಸ್‌ನ ನಿಯಮ ಪುಸ್ತಕ ಬೆಳೆಯುತ್ತಲೇ ಇದೆ. ‘ಪವರ್ ಡಿಎನ್‌ಎಸ್’ ಬರೆದ ಬರ್ಟ್ ಹ್ಯೂಬರ್ಟ್ 2018ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಡಿಎನ್‌ಎಸ್ ಅನ್ನು ಒಂಟೆಗೆ ಹೋಲಿಸಿ, ಇನ್ನೆಷ್ಟು ಹೊರೆ ಹೊರಿಸುತ್ತೀರಿ ಎಂದು ಕೇಳಿದ್ದರು. ಇತರರು ನಿಯಮ ಮುರಿದಾಗ ಸಂಭಾಳಿಸಿಕೊಂಡು ಹೋಗುವ ಭಾರ ಬೇರೆ. 1999ರ ವಿಸ್ತರಣೆಯೊಂದನ್ನು ಅರ್ಥಮಾಡಿಕೊಳ್ಳದೆ ಉತ್ತರವನ್ನೇ ಕೊಡದ ಸರ್ವರುಗಳಿಗಾಗಿ ರಿಸಾಲ್ವರುಗಳು ವರ್ಷಗಟ್ಟಲೆ ಕಾದು, ಬೇರೆ ರೀತಿಯಲ್ಲಿ ಮತ್ತೆ ಕೇಳುತ್ತಿದ್ದವು. ಬೈಂಡ್, ಅನ್‌ಬೌಂಡ್, ಪವರ್ ಡಿಎನ್‌ಎಸ್, ಜೆಕ್ ದೇಶದ ನಾಟ್, ಈ ನಾಲ್ಕೂ ತಂಡಗಳು ಸೇರಿ 2019ರ ಫೆಬ್ರುವರಿ 1ರ ಗಡುವು ಕೊಟ್ಟು, ಇನ್ನು ಹಾಗೆ ಕಾಯುವುದಿಲ್ಲ ಎಂದವು. ಒಬ್ಬರೇ ಹಾಗೆ ಹೇಳಿದ್ದರೆ ಬಳಸುವವರು ಪಕ್ಕದ ತಂತ್ರಾಂಶಕ್ಕೆ ಹೋಗುತ್ತಿದ್ದರು.

2024ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ‘ಕೀಟ್ರ್ಯಾಪ್’ ಎಂಬ ದೋಷ ಇನ್ನೂ ಕಷ್ಟದ್ದು, ಏಕೆಂದರೆ ತಪ್ಪು ಕೋಡಿನಲ್ಲಿರದೆ ನಿಯಮದಲ್ಲೇ ಇತ್ತು. ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಪದ್ಧತಿಯಲ್ಲಿ, ಒಂದೇ ಗುರುತು ಸಂಖ್ಯೆಯ ಹಲವು ಕೀಲಿಗಳಿದ್ದರೆ ಎಲ್ಲವನ್ನೂ ಪ್ರಯತ್ನಿಸಿ ನೋಡಬೇಕಿತ್ತು. ಒಳ್ಳೆಯ ಮನಸ್ಸಿನಿಂದ ಬರೆದ ನಿಯಮ ಅದು. ಕೀಲಿಗಳನ್ನೂ ಸಹಿಗಳನ್ನೂ ತುಂಬಿದ ಒಂದೇ ಒಂದು ಉತ್ತರ ಕಳಿಸಿ ರಿಸಾಲ್ವರನ್ನು ಗಂಟೆಗಟ್ಟಲೆ ಲೆಕ್ಕದಲ್ಲಿ ಮುಳುಗಿಸಬಹುದೆಂದು ಜರ್ಮನಿಯ ಸಂಶೋಧಕರು ತೋರಿಸಿದರು. ಈ ಸಲ ಅಕ್ಕಡಿ ಸಾಲೂ ಕಾಪಾಡಲಿಲ್ಲ. ನಿಯಮ ಪಾಲಿಸಿದವರೆಲ್ಲ ಸಿಕ್ಕಿಬಿದ್ದರು, ಪೈಪೋಟಿಯ ತಂಡಗಳೆಲ್ಲ ಮತ್ತೆ ಒಟ್ಟಿಗೆ ಕೂತು ಪ್ರಯತ್ನಗಳಿಗೊಂದು ಮಿತಿ ಹಾಕಿದವು.

ಪುಕ್ಕಟೆ ತಂತ್ರಾಂಶದ ಮನೆ ನಡೆಯುವುದು ದೇಣಿಗೆಯಿಂದ, ದೊಡ್ಡ ಬಳಕೆದಾರರು ಮಾಡಿಕೊಳ್ಳುವ ಬೆಂಬಲದ ಒಪ್ಪಂದಗಳಿಂದ. ಬಳಸುವ ಕೋಟ್ಯಂತರ ಜನರಿಗೆ ಇವರ ಹೆಸರೂ ತಿಳಿಯದು. ನಮ್ಮ ‘ಡಾಟ್ ಭಾರತ’ ವಿಳಾಸವನ್ನು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೂ ಬ್ರೌಸರ್ ಅದನ್ನು ರೋಮನ್ ಅಕ್ಷರಗಳ ಸಾಲಾಗಿ ಮಾರ್ಪಡಿಸಿ ಇಂಥ ತಂತ್ರಾಂಶಗಳ ಕೈಗೇ ಕೊಡುತ್ತದೆ.

ಅಂದು ಬೈಂಡ್ ಬಿಟ್ಟು ಹೊರಬಂದ ಕೆ-ರೂಟ್ ಮುಂದೆ ಎನ್‌ಎಸ್‌ಡಿಯೊಂದನ್ನೇ ನೆಚ್ಚಿ ಕೂರಲಿಲ್ಲ. ಅದರ ಪಕ್ಕದಲ್ಲಿ ನಾಟ್ ಅನ್ನು ತಂದಿತು, ಬೈಂಡ್‌ಗೂ ಮತ್ತೆ ಒಂದು ಸಾಲು ಬಿಟ್ಟಿತು.