ವರ್ಧಕದ ಸಾಮರ್ಥ್ಯ, ಕಾನೂನಿನ ಮಿತಿ

ಬಾದಾಮಿ ತಾಲ್ಲೂಕಿನ ಕೆರೂರಿನ ಸುತ್ತ ಮರಳುಗಲ್ಲಿನ ನೆಲ. ಈ ಭಾಗದ ಹಳೆಯ ಮನೆಗಳಿಗೆ ದಪ್ಪನೆಯ ಕಲ್ಲಿನ ಗೋಡೆಗಳಿರುತ್ತವೆ. ಇಂಥ ಗೋಡೆ ದಾಟುವಾಗ ಮೊಬೈಲ್ ಸಂಕೇತ ಕ್ಷೀಣಿಸುವುದು ಸಹಜ. ಆಗ ಕೆಲವರಿಗೆ ಹೊಳೆಯುವ ಉಪಾಯ ಬೂಸ್ಟರ್. ಅದರ ಮೇಲೆ 900 ಮೆಗಾಹರ್ಟ್ಸ್, 70 ಡೆಸಿಬೆಲ್ ಎಂದು ನಮೂದಾಗಿದೆ ಎನ್ನೋಣ. ಹಣ ಕೊಟ್ಟು ಕೊಂಡ ಸಾಧನವನ್ನು ಬಳಸಲು ಅಡ್ಡಿಯೇನು ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಕಾನೂನಿನಲ್ಲಷ್ಟೇ ಅಲ್ಲ, ಭೌತವಿಜ್ಞಾನದಲ್ಲೂ ಇದೆ.

ಸಂಖ್ಯೆಗಳ ಅರ್ಥವೇನು?

ವರ್ಧಕದ ಮೇಲಿನ ಆವೃತ್ತಿ ವ್ಯಾಪ್ತಿಯು ಅದು ಯಾವ ಅಲೆಗಳನ್ನು ವರ್ಧಿಸಬಲ್ಲದು ಎಂದು ತಿಳಿಸುತ್ತದೆ; ಯಾವುದನ್ನು ವರ್ಧಿಸಲು ನಿಮಗೆ ಅನುಮತಿಯಿದೆ ಎಂದಲ್ಲ. ಡೆಸಿಬೆಲ್ ವರ್ಧನೆಯ ಅಳತೆ. ಪ್ರತಿ 10 ಡೆಸಿಬೆಲ್‌ಗೆ ಸಂಕೇತದ ಸಾಮರ್ಥ್ಯ 10 ಪಟ್ಟಾಗುತ್ತದೆ. ಹಾಗಾಗಿ 70 ಡೆಸಿಬೆಲ್ ಎಂದರೆ ಒಂದು ಕೋಟಿ ಪಟ್ಟು!

900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮೊಬೈಲಿನಿಂದ ಗೋಪುರಕ್ಕೆ 890ರಿಂದ 915, ಗೋಪುರದಿಂದ ಮೊಬೈಲಿಗೆ 935ರಿಂದ 960 ಮೆಗಾಹರ್ಟ್ಸ್ ಬಳಕೆಗೆ ಬಂದವು. ಸಾಧಾರಣ ಬೂಸ್ಟರ್ ಇಡೀ ಪಟ್ಟಿಯನ್ನು ವರ್ಧಿಸುತ್ತದೆ. ನಿಮ್ಮ ಕರೆ, ಬೇರೆಯವರ ಕರೆ, ಬರಿಯ ಗದ್ದಲ ಎಂಬ ಭೇದ ಅದಕ್ಕಿಲ್ಲ.

ಬೂಸ್ಟರಿಗೆ ಎರಡು ಆಂಟೆನಾಗಳು: ಒಂದು ಮಾಳಿಗೆಯ ಮೇಲೆ, ಇನ್ನೊಂದು ಮನೆಯೊಳಗೆ. ಒಂದರಿಂದ ಇನ್ನೊಂದಕ್ಕೆ ಸೋರುವ ಅಲೆ 70 ಡೆಸಿಬೆಲ್‌ಗಿಂತ ಕಡಿಮೆ ಕ್ಷೀಣಿಸಿದರೆ ಅದು ಮತ್ತೆ ಮತ್ತೆ ವರ್ಧನೆಗೊಳ್ಳುತ್ತದೆ. ಧ್ವನಿವರ್ಧಕದ ಎದುರು ಮೈಕ್ ಹಿಡಿದಾಗ ಕೇಳುವ ಕೀರಲು ಸದ್ದಿಗೂ ಇದೇ ಕಾರಣ. ಆಗ ವರ್ಧಕವೇ ಪ್ರೇಷಕವಾಗುತ್ತದೆ. ದೂರದ ಮೊಬೈಲಿನಿಂದ ಗೋಪುರಕ್ಕೆ ತಲುಪುವ ಸಂಕೇತ ಒಂದು ವಾಟ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟಿರಬಹುದು. ಬೂಸ್ಟರಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಒಂದು ಮನೆಯ ಅನುಕೂಲಕ್ಕಾಗಿ, ಓಣಿಯ ಇನ್ನೊಂದು ತುದಿಯಲ್ಲಿ 108ಕ್ಕೆ ಮಾಡಿದ ಕರೆ ತಪ್ಪಿಹೋದೀತು.

ನೆರೆಯ ಪಟ್ಟಿಗಳ ತೊಡಕು

ಇನ್ನೊಂದು ಉದಾಹರಣೆ ನೋಡಿ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ನಾಗರಿಕ ಪಟ್ಟಿಯಲ್ಲಿ 5 ವಾಟ್ ಮೀರದ ಸಾಧನಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. ಹ್ಯಾಮ್ ರೇಡಿಯೊದ ಒಂದು ಪಟ್ಟಿ ಆರಂಭವಾಗುವುದು 28 ಮೆಗಾಹರ್ಟ್ಸ್‌ನಿಂದ. ಅದಕ್ಕೆಂದು ತಯಾರಾದ ವರ್ಧಕ ಸಾಮಾನ್ಯವಾಗಿ 27ರಲ್ಲೂ ಕೆಲಸ ಮಾಡುತ್ತದೆ. ಆದರೆ ಅದನ್ನು ಜೋಡಿಸಿ 5 ವಾಟನ್ನು 100 ವಾಟ್ ಮಾಡಿದೊಡನೆ ವಿನಾಯಿತಿಯ ಷರತ್ತು ಮುರಿಯುತ್ತದೆ.

ಅಪಾಯ ಅಷ್ಟಕ್ಕೇ ನಿಲ್ಲದು. ಮಿತಿಮೀರಿ ದುಡಿಸಿದ ವರ್ಧಕ ಅಲೆಯ ಆಕಾರವನ್ನು ಕೆಡಿಸುತ್ತದೆ. ಮೂಲ ಆವೃತ್ತಿಯ 2, 3, 4, 5 ಪಟ್ಟಿನ ಅಲೆಗಳೂ ಹುಟ್ಟುತ್ತವೆ. 27.2ನ್ನು 5ರಿಂದ ಗುಣಿಸಿ: 136 ಮೆಗಾಹರ್ಟ್ಸ್. ವಿಮಾನ ಚಾಲಕರು ನಿಯಂತ್ರಣ ಕೇಂದ್ರದೊಡನೆ ಮಾತನಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ! ಸರಿಯಾದ ಸೋಸುಕ ಇಲ್ಲದಿದ್ದರೆ ಪರಿಣಾಮ ಊಹಿಸಿಕೊಳ್ಳಿ. ಹ್ಯಾಮ್‌ಗಳಿಗೆ ಮಾರುವ ವರ್ಧಕಗಳು 26ರಿಂದ 28 ಮೆಗಾಹರ್ಟ್ಸ್ ನಡುವೆ ವರ್ಧಿಸಲೇಬಾರದೆಂಬ ನಿಯಮ ಅಮೆರಿಕದಲ್ಲಿದೆ. ನಾಗರಿಕ ಪಟ್ಟಿಯಲ್ಲಿ ಅವುಗಳ ದುರ್ಬಳಕೆ ತಡೆಯುವುದೇ ಅದರ ಉದ್ದೇಶ.

ಕಾನೂನು ಹೇಳುವುದೇನು?

1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ, ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. 2023ರ ದೂರಸಂಪರ್ಕ ಕಾಯಿದೆಯಲ್ಲೂ ಇದೇ ತತ್ತ್ವವಿದೆ: ರೇಡಿಯೊ ಉಪಕರಣ ಹೊಂದಲು ಅಧಿಕೃತ ಅನುಮತಿ ಅಥವಾ ವಿನಾಯಿತಿ ಬೇಕು. ಅಂಗಡಿಯ ರಸೀದಿ ಅನುಮತಿಪತ್ರವಲ್ಲ.

ಮನೆಯಲ್ಲಿ ಸಂಕೇತ ಸಿಗದಿದ್ದರೆ ಸೇವಾ ಕಂಪನಿಗೆ ದೂರು ಕೊಡಿ, ಇಲ್ಲವೇ ಬ್ರಾಡ್‌ಬ್ಯಾಂಡ್ ಇದ್ದಲ್ಲಿ ವೈ-ಫೈ ಮೂಲಕ ಕರೆ ಮಾಡಿ. ಪ್ರೇಷಕ, ವರ್ಧಕಗಳೊಡನೆ ಪ್ರಯೋಗ ಮಾಡುವ ಆಸಕ್ತಿಯುಳ್ಳ ವಿದ್ಯಾರ್ಥಿಗಳನ್ನು ಹ್ಯಾಮ್ ಪರೀಕ್ಷೆಗೆ ಸಿದ್ಧಗೊಳಿಸಿ. ಆವೃತ್ತಿ ಪಟ್ಟಿ ಊರಿನ ಕೆರೆಯಂತೆ ಎಲ್ಲರಿಗೂ ಸೇರಿದ್ದು. ಒಬ್ಬರು ಕಲಕಿದರೆ ಎಲ್ಲರೂ ಕಲಕಿದ ನೀರನ್ನೇ ಕುಡಿಯಬೇಕಾಗುತ್ತದೆ.