ಗುಡುಗುಡಿ ಅಂದ್ರೆ ಏನಮ್ಮ? ಮ್ಯೂಸಿಯಂ ಇಂಟರ್ನ್‌ಶಿಪ್‌ನಲ್ಲಿ ನಮ್ಮ ಮಕ್ಕಳು

ಕಳೆದ ವರ್ಷ ಫೆಬ್ರವರಿಯ ಒಂದು ರಾತ್ರಿ. ಊಟ ಮುಗಿಸಿ ತಟ್ಟೆಗಳನ್ನು ಡಿಶ್‌ವಾಷರ್‌ಗೆ ಜೋಡಿಸುತ್ತಿದ್ದೆ. ಹನ್ನೊಂದನೇ ತರಗತಿಯಲ್ಲಿದ್ದ ಮಗಳು ಬಂದು, "ಅಮ್ಮ, ಈ ಸಮ್ಮರ್‌ಗೆ ಆರ್ಟ್ ಮ್ಯೂಸಿಯಂ ಇಂಟರ್ನ್‌ಶಿಪ್‌ಗೆ ಅಪ್ಲೈ ಮಾಡ್ತೀನಿ" ಅಂದಳು.

"ಅಲ್ಲಿ ನಿಂಗೇನು ಕೆಲಸ? ಕೋಡಿಂಗ್ ಕ್ಯಾಂಪ್ ಏನಾಯ್ತು?" ಅಂದುಬಿಟ್ಟೆ.

ಅವಳು ಏನೂ ಹೇಳದೆ ರೂಮಿಗೆ ಹೋದಳು. ಆ ಪ್ರಶ್ನೆ ನನ್ನದಷ್ಟೇ ಅಲ್ಲ ಅಂತ ಆಮೇಲೆ ಅನ್ನಿಸಿತು. ಕನ್ನಡ ಕೂಟದ ಪಾಟ್‌ಲಕ್‌ಗಳಲ್ಲಿ ಮಾರ್ಚ್ ಬಂತೆಂದರೆ ನಮ್ಮ ಮಾತೆಲ್ಲ ಒಂದೇ: ಯಾರ ಮಗ ಯಾವ ಲ್ಯಾಬ್‌ನಲ್ಲಿ, ಯಾರ ಮಗಳು ಯಾವ ಕಂಪನಿಯಲ್ಲಿ. ಅಲ್ಲಿ "ನನ್ನ ಮಗಳು ಮ್ಯೂಸಿಯಂನಲ್ಲಿ" ಅಂದರೆ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಒಂದು ಕ್ಷಣದ ಮೌನಕ್ಕೆ ಹೆದರಿ ನಾನು ಹಾಗೆ ಕೇಳಿದ್ದೆ.

ಅವಳು ಅಪ್ಲೈ ಮಾಡಿದಳು, ಸಿಕ್ಕಿತು. ಆರು ವಾರ, ವಾರಕ್ಕೆ ನಾಲ್ಕು ದಿನ, ಗಂಟೆಗಿಷ್ಟು ಅಂತ ಸಂಬಳ. ಆ ಆರು ವಾರಗಳಲ್ಲಿ ನಾನು ಕಂಡದ್ದನ್ನೂ, ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅಲ್ಲಿ ನಿಜವಾಗಿ ಏನು ಕೆಲಸ?

ಇಂಟರ್ನ್‌ಗಳು ಚಿತ್ರಗಳ ಪಕ್ಕ ಸುಮ್ಮನೆ ನಿಂತಿರುತ್ತಾರೆ ಅಂತ ನಾನು ತಿಳಿದಿದ್ದೆ. ಆದರೆ ಮ್ಯೂಸಿಯಂ ಒಳಗಡೆ ಒಂದು ದೊಡ್ಡ ಕಚೇರಿಯೇ ಇದೆ. ಯಾವ ಕಲಾಕೃತಿಯನ್ನು ಹೇಗೆ ತೋರಿಸಬೇಕು ಅಂತ ಅಧ್ಯಯನ ಮಾಡಿ ನಿರ್ಧರಿಸುವವರು ಕ್ಯುರೇಟರ್‌ಗಳು. ಪ್ರತಿ ವಸ್ತು ಎಲ್ಲಿಂದ ಬಂತು, ಈಗ ಎಲ್ಲಿದೆ, ಯಾರಿಗೆ ಎರವಲು ಹೋಗಿದೆ ಅಂತ ಲೆಕ್ಕ ಇಡುವವರು ರಿಜಿಸ್ಟ್ರಾರ್. ಹಾಳಾಗದಂತೆ ಕಾಪಾಡಿ ದುರಸ್ತಿ ಮಾಡುವವರು ಕನ್ಸರ್ವೇಟರ್. ಅವರಿಗೆ ರಸಾಯನಶಾಸ್ತ್ರ ಚೆನ್ನಾಗಿ ಬರಬೇಕು. ಇದಲ್ಲದೆ ಶಾಲಾ ಮಕ್ಕಳನ್ನು ಕರೆದೊಯ್ದು ತೋರಿಸುವ ಶಿಕ್ಷಣ ವಿಭಾಗ, ವೆಬ್‌ಸೈಟ್ ಮತ್ತು ಫೋಟೋ ವಿಭಾಗ, ದೇಣಿಗೆ ಸಂಗ್ರಹಿಸುವ ವಿಭಾಗ ಎಲ್ಲ ಇರುತ್ತವೆ. ಹೈಸ್ಕೂಲ್ ಮಕ್ಕಳಿಗೆ ಹೆಚ್ಚಾಗಿ ಸಿಗುವುದು ಶಿಕ್ಷಣ ವಿಭಾಗ. ಮಗಳಿಗೂ ಅದೇ ಸಿಕ್ಕಿತು.

ಮೊದಲ ದಿನದ ಕೆಲಸ ಕೇಳಿ ನನಗೆ ನಗು ಬಂತು. ಒಂದು ಕಲಾಕೃತಿಯ ಮುಂದೆ ಅರ್ಧ ಗಂಟೆ ಕೂತು, ಲೇಬಲ್ ಓದದೆ, ಫೋನ್ ಮುಟ್ಟದೆ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. "ಚೆನ್ನಾಗಿದೆ" ಅಂತ ಬರೆಯುವಂತಿಲ್ಲ. "ಇದರರ್ಥ ಹೀಗೆ" ಅಂತಲೂ ಬರೆಯುವಂತಿಲ್ಲ. ಮೊದಲ ಐದು ನಿಮಿಷದಲ್ಲೇ ಬರೆಯೋಕೆ ಏನೂ ಉಳಿದಿರಲಿಲ್ಲವಂತೆ, ಇಪ್ಪತ್ತನೇ ನಿಮಿಷಕ್ಕೆ ಹಾಳೆ ಸಾಲದೇ ಬಂತಂತೆ.

ಬೀದರಿನ ಕಪ್ಪು ಪಾತ್ರೆ

ಎರಡನೇ ವಾರ ಪ್ರತಿ ಇಂಟರ್ನ್‌ಗೂ ಒಂದೊಂದು ವಸ್ತು ಆರಿಸಿಕೊಳ್ಳಲು ಹೇಳಿದರು. ಅದರ ಬಗ್ಗೆ ಅರವತ್ತು ಪದಗಳ ಲೇಬಲ್ ಬರೆಯಬೇಕು, ಬೇಸಿಗೆ ಶಿಬಿರದ ಮಕ್ಕಳಿಗೆ ಹತ್ತು ನಿಮಿಷ ವಿವರಿಸಬೇಕು. ಮಗಳು ಆರಿಸಿದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ಗುಂಡನೆಯ ಒಂದು ಕಪ್ಪು ಪಾತ್ರೆ. ಮೈತುಂಬ ಬೆಳ್ಳಿಯ ಹೂಬಳ್ಳಿ. ಲೇಬಲ್ ಮೇಲೆ ಹುಕ್ಕಾದ ತಳಪಾತ್ರೆ, ಬೀದರ್, ಭಾರತ ಅಂತಿತ್ತು. ಇಂಥ ಬಿದರಿ ಪಾತ್ರೆಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇವೆ.

ನನ್ನ ತವರು ಕಲಬುರಗಿ. ಬೀದರ್ ಪಕ್ಕದ ಜಿಲ್ಲೆ. ಆ ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡಿದಾಗ ಮಗಳು ಫೋಟೋ ತೋರಿಸಿದಳು. ಸಾಮಾನ್ಯವಾಗಿ ಅವಳ ಕನ್ನಡ "ಊಟ ಆಯ್ತಾ ಅಜ್ಜಿ" ಅನ್ನುವಲ್ಲಿಗೆ ಮುಗಿಯುತ್ತದೆ, ಆಮೇಲೆ ಫೋನ್ ನನ್ನ ಕೈಗೆ. ಅವತ್ತು ಹಾಗಾಗಲಿಲ್ಲ.

"ಇದು ಗುಡುಗುಡಿ ಅಲ್ಲೇನ! ನಮ್ಮಪ್ಪನ ಕಾಲದಾಗ ದೊಡ್ಡೋರ ಮನ್ಯಾಗ ಇರ್ತಿತ್ತು" ಅಂದಳು ಅವ್ವ.

"ಗುಡುಗುಡಿ ಅಂದ್ರೆ ಏನಮ್ಮ?" ಅಂತ ಮಗಳು ನನ್ನ ಕಡೆ ತಿರುಗಿದಳು.

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಸೇದುವವರ ಹಾಗೆ ಉಸಿರೆಳೆದು ತೋರಿಸಿದಳು. "ಒಳಗ ನೀರು ಇರ್ತದ. ಜಗ್ಗಿದ್ರ ಗುಡುಗುಡು ಅಂತದ. ಅದಕ್ಕ ಗುಡುಗುಡಿ." ಮಗಳು ನಕ್ಕಳು, ಮತ್ತೆ ಮತ್ತೆ ಹೇಳಿಸಿದಳು. ಕಪ್ಪು ಬಣ್ಣ ಹೇಗೆ ಹಚ್ಚುತ್ತಾರೆ ಅಂತ ಕೇಳಿದಳು. "ಬಣ್ಣ ಅಲ್ಲ ಮಗಳ, ಅದು ಬೀದರ್ ಕ್ವಾಟಿ ಮಣ್ಣು. ಕಬ್ಬಿಣಕ್ಕ ಆ ಮಣ್ಣು ಹಚ್ಚತಾರ" ಅಂದಳು ಅವ್ವ. ನಲವತ್ತು ನಿಮಿಷ ಮಾತಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಮಗಳು ಅದನ್ನೆಲ್ಲ ಬರೆದು ಮೇಲ್ವಿಚಾರಕಿಗೆ ಕೊಟ್ಟಳು. ಅವರು ಕೇಳಿದ್ದು ಒಂದೇ: "ಇದು ನಿನಗೆ ಹೇಗೆ ಗೊತ್ತಾಯಿತು?" ಅಜ್ಜಿ ಹೇಳಿದ್ದು ಅಂದಾಗ, "ಒಳ್ಳೆಯ ಆರಂಭ. ಈಗ ಪರೀಕ್ಷಿಸು" ಅಂದು ಲೈಬ್ರರಿಗೂ ಕನ್ಸರ್ವೇಟರ್ ಬಳಿಗೂ ಕಳುಹಿಸಿದರು.

ಅಜ್ಜಿ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಬಿದರಿ ಪಾತ್ರೆ ಕಬ್ಬಿಣದ್ದಲ್ಲ. ಅದು ಬಹುಪಾಲು ಸತು, ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹ. ಅದನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಬರೆದು ಉಳಿಯಿಂದ ಕೆತ್ತುತ್ತಾರೆ. ಕೆತ್ತಿದ ಜಾಗಕ್ಕೆ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಪಾತ್ರೆಯನ್ನು ಬಿಸಿ ಮಾಡಿ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಣ್ಣಿನ ಮಾತು ಮಾತ್ರ ಅಜ್ಜಿಯದು ಅಪ್ಪಟ ನಿಜ.

ಮನೆಯಲ್ಲಿ ಕೇಳಿದ್ದನ್ನು ಕಣ್ಣುಮುಚ್ಚಿ ನಂಬುವುದೂ ಅಲ್ಲ, ಕೇಳದೆ ತಳ್ಳಿಹಾಕುವುದೂ ಅಲ್ಲ. ಕೇಳಿಸಿಕೊಂಡು, ಒರೆಗೆ ಹಚ್ಚಿ, ಉಳಿದದ್ದನ್ನು ಇಟ್ಟುಕೊಳ್ಳುವುದು. ನಾವು ಎಷ್ಟೇ ಉಪದೇಶ ಮಾಡಿದರೂ ಇದನ್ನು ಮಕ್ಕಳಿಗೆ ಕಲಿಸುವುದು ಕಷ್ಟ. ಆ ಕಪ್ಪು ಪಾತ್ರೆ ಒಂದೇ ವಾರದಲ್ಲಿ ಕಲಿಸಿತು.

ಲೇಬಲ್‌ನಲ್ಲಿ "ಗುಡುಗುಡಿ" ಉಳಿಯಲಿಲ್ಲ. ಅರವತ್ತು ಪದಗಳ ಮಿತಿಯಲ್ಲಿ ಅದನ್ನು ವಿವರಿಸಲು ಜಾಗವಿಲ್ಲ ಅಂತ ಕತ್ತರಿ ಹಾಕಿದರು. ಮಗಳಿಗೆ ಸಿಟ್ಟು ಬಂದಿತ್ತು. ಆದರೆ ಮಕ್ಕಳಿಗೆ ವಿವರಿಸುವಾಗ ಮೊದಲು ಹೇಳಿದ್ದೇ ಆ ಪದ. ಏಳೆಂಟು ವರ್ಷದ ಇಪ್ಪತ್ತು ಅಮೆರಿಕನ್ ಮಕ್ಕಳು ಗ್ಯಾಲರಿಯಲ್ಲಿ ಒಟ್ಟಿಗೆ "ಗುಡುಗುಡು" ಅಂದಾಗ ಕಾವಲುಗಾರರು ಓಡಿ ಬಂದರಂತೆ.

ಸಂಬಳದ ವಿಷಯ ಏಕೆ ಮುಖ್ಯ

ಬಹಳ ವರ್ಷ ಮ್ಯೂಸಿಯಂ ಇಂಟರ್ನ್‌ಶಿಪ್ ಅಂದರೆ ಬಿಟ್ಟಿ ಕೆಲಸ ಅಂತಲೇ ಅರ್ಥ. ಬೇಸಿಗೆಯಲ್ಲಿ ದುಡಿಯಬೇಕಾದ ಅಗತ್ಯವಿಲ್ಲದ ಮನೆಯ ಮಕ್ಕಳಿಗೆ ಮಾತ್ರ ಅದು ಸಾಧ್ಯವಿತ್ತು. ಮುಂದೆ ಅವರೇ ಆ ಕೆಲಸಗಳಿಗೂ ಸೇರುತ್ತಿದ್ದರು. 2015ರಲ್ಲಿ ಮೆಲನ್ ಫೌಂಡೇಶನ್ ಅಮೆರಿಕದ ಕಲಾ ಮ್ಯೂಸಿಯಂಗಳ ಸಿಬ್ಬಂದಿಯ ಸಮೀಕ್ಷೆ ಪ್ರಕಟಿಸಿತು. ಕ್ಯುರೇಟರ್, ಕನ್ಸರ್ವೇಟರ್, ಶಿಕ್ಷಣ ವಿಭಾಗ ಮತ್ತು ಮುಖ್ಯಸ್ಥರ ಹುದ್ದೆಗಳಲ್ಲಿ ಶೇಕಡ 84ರಷ್ಟು ಬಿಳಿಯರೇ ಇದ್ದರು. ಅಂದರೆ ನಮ್ಮ ಬಿದರಿ, ನಮ್ಮ ಕಂಚು, ನಮ್ಮ ಕಲ್ಲಿನ ಬಗ್ಗೆ ಲೇಬಲ್ ಬರೆಯುವ ಕೋಣೆಯಲ್ಲಿ ಅವುಗಳ ಜೊತೆ ಬೆಳೆದವರು ತೀರಾ ಕಡಿಮೆ.

ಈಗ ಪರಿಸ್ಥಿತಿ ಬದಲಾಗುತ್ತಿದೆ. ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆ 1993ರಿಂದಲೇ ಕಾಲೇಜು ವಿದ್ಯಾರ್ಥಿಗಳಿಗೆ ಸಂಬಳದ ಬೇಸಿಗೆ ಇಂಟರ್ನ್‌ಶಿಪ್‌ಗೆ ನೆರವು ನೀಡುತ್ತ ಬಂದಿದೆ. 2019ರಲ್ಲಿ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘವು ಇಂಟರ್ನ್‌ಗಳಿಗೆ ಸಂಬಳ ಕೊಡಿ ಅಂತ ತನ್ನ ಸದಸ್ಯರಿಗೆ ಕರೆ ಕೊಟ್ಟಿತು. 2020ರಲ್ಲಿ ಏಡ್ರಿಯನ್ ಆರ್ಶ್ಟ್ ಎಂಬ ದಾನಿ 50 ಲಕ್ಷ ಡಾಲರ್ ಕೊಟ್ಟಾಗ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಎಲ್ಲ ಇಂಟರ್ನ್‌ಶಿಪ್‌ಗಳಿಗೂ ಸಂಬಳ ಕೊಡುವುದಾಗಿ ಪ್ರಕಟಿಸಿತು.

ಇಲ್ಲೇ ನಮ್ಮಂಥ ಕುಟುಂಬಗಳಿಗೆ ಒಂದು ತೊಡಕಿದೆ. ನಮ್ಮ ಕೂಟದ ಗೆಳತಿಯೊಬ್ಬರ ಮಗ ನನ್ನ ಮಗಳಿಗಿಂತ ಚೆನ್ನಾಗಿ ಚಿತ್ರ ಬರೆಯುತ್ತಾನೆ. ಇಬ್ಬರೂ ಒಟ್ಟಿಗೆ ಅಪ್ಲೈ ಮಾಡಿದ್ದರು, ಇಬ್ಬರಿಗೂ ಸಿಕ್ಕಿತ್ತು. ಕೆಲಸಕ್ಕೆ ಸೇರುವ ಐ-9 ಫಾರ್ಮ್ ಬಂದಾಗ ಅವನು ನಿಲ್ಲಬೇಕಾಯಿತು. ಅವನು ಮೂರನೇ ವರ್ಷದಲ್ಲಿ ಈ ದೇಶಕ್ಕೆ ಬಂದವನು, ಇನ್ನೂ ಎಚ್-4 ವೀಸಾದಲ್ಲಿದ್ದಾನೆ. ಎಚ್-4 ಮಕ್ಕಳು ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತಕ್ಕೆ ಬಂದು ಕೆಲಸದ ಪರವಾನಗಿ ಸಿಕ್ಕರೆ ಮಾತ್ರ ಸಾಧ್ಯ. "ಸಂಬಳ ಬೇಡ, ಸುಮ್ಮನೆ ಬರ್ತೀನಿ ಅಂದ್ರೆ?" ಅಂತ ಆ ಹುಡುಗ ಕೇಳಿದ. ಬೇರೆಯವರಿಗೆ ಸಂಬಳ ಕೊಡುವ ಕೆಲಸವನ್ನು ಹಾಗೆ ಮಾಡುವಂತಿಲ್ಲ ಅಂತ ಅವರ ವಕೀಲರು ಹೇಳಿದರು. ಹದಿನಾರರ ಹುಡುಗನಿಗೆ ಇದನ್ನು ವಿವರಿಸುವುದು ಅವನ ತಾಯಿಗೆ ಎಷ್ಟು ಕಷ್ಟವಾಯಿತು ಅಂತ ನಾನು ಕಣ್ಣಾರೆ ನೋಡಿದೆ.

ಕೊನೆಗೆ ಅವನು ಇನ್ನೊಂದು ಮ್ಯೂಸಿಯಂನ ಹದಿಹರೆಯದ ಸ್ವಯಂಸೇವಕರ ತಂಡ ಸೇರಿದ. ಅಲ್ಲಿ ಯಾರಿಗೂ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರೇ. ಶನಿವಾರಗಳಂದು ಚಿಕ್ಕ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತಾನೆ. ಅದು ಚೆನ್ನಾಗಿದೆ, ಆದರೆ ಅವನು ಬಯಸಿದ್ದು ಅದಲ್ಲ.

ಅಪ್ಲೈ ಮಾಡುವ ಮುನ್ನ

ಮೊದಲು ವೀಸಾ ನೋಡಿ, ಆಮೇಲೆ ಅರ್ಜಿ. ಸ್ಟೈಪೆಂಡ್ ಅಂತ ಕರೆದರೂ ಅದು ಸಂಬಳವೇ ಆಗಬಹುದು, ಮ್ಯೂಸಿಯಂ ಮತ್ತು ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಎಫ್-1ನಲ್ಲಿರುವ ಕಾಲೇಜು ಮಕ್ಕಳು ತಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಮೊದಲೇ ಅನುಮತಿ ವಿಚಾರಿಸಬೇಕು.

ಬೇಸಿಗೆಯ ಅರ್ಜಿಗಳ ಗಡುವು ಹಲವು ಕಡೆ ಚಳಿಗಾಲದಲ್ಲೇ ಮುಗಿದುಹೋಗುತ್ತದೆ. ಡಿಸೆಂಬರ್ ರಜೆಯಲ್ಲೇ ಹುಡುಕಲು ಶುರು ಮಾಡಿ. ದೊಡ್ಡ ಹೆಸರಿನ ಮ್ಯೂಸಿಯಂ ಜೊತೆಗೆ ನಿಮ್ಮೂರಿನ ಸಣ್ಣ ಮ್ಯೂಸಿಯಂ, ವಿಶ್ವವಿದ್ಯಾಲಯದ ಗ್ಯಾಲರಿಗಳನ್ನೂ ನೋಡಿ. ಸಣ್ಣ ಜಾಗದಲ್ಲಿ ಒಬ್ಬ ಇಂಟರ್ನ್‌ಗೆ ನಾಲ್ಕು ಬಗೆಯ ಕೆಲಸ ಸಿಗಬಹುದು. ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಅನೇಕ ಶಾಲೆಗಳು ಹತ್ತನೇ ವರ್ಷದಲ್ಲಿ, ಜರ್ಮನಿಯ ಅನೇಕ ಶಾಲೆಗಳು ಒಂಬತ್ತು ಇಲ್ಲವೇ ಹತ್ತನೇ ತರಗತಿಯಲ್ಲಿ ಮಕ್ಕಳನ್ನು ಕೆಲವು ದಿನ ಕೆಲಸದ ಅನುಭವಕ್ಕೆ ಕಳುಹಿಸುತ್ತವೆ. ಆ ದಿನಗಳಿಗೆ ಮ್ಯೂಸಿಯಂ ಕೇಳಿ ನೋಡಬಹುದು.

ಅರ್ಜಿಯ ಪತ್ರವನ್ನು ನೀವು ಬರೆಯಬೇಡಿ. ಮಗಳ ಮೊದಲ ಕರಡನ್ನು ತಿದ್ದಲು ಹೋಗಿ ಅದನ್ನು ಕಂಪನಿಯ ಅರ್ಜಿಯಂತೆ ಮಾಡಿಬಿಟ್ಟಿದ್ದೆ. ಅವಳು ಅದನ್ನೆಲ್ಲ ಅಳಿಸಿ, ಅಜ್ಜಿ ಮನೆಯ ಹೊಸ್ತಿಲ ರಂಗೋಲಿಯನ್ನು ಪ್ರತಿ ಬೆಳಿಗ್ಗೆ ಅಳಿಸಿ ಹೊಸದು ಹಾಕುವುದರ ಬಗ್ಗೆ ಬರೆದಳು. ಸಂದರ್ಶನದಲ್ಲಿ ಅವರು ಕೇಳಿದ್ದೂ ಅದನ್ನೇ. ತಿಳಿದಿರುವ ಭಾಷೆಗಳ ಜಾಗದಲ್ಲಿ "ಕನ್ನಡ" ಅಂತ ಬರೆಸಿ. ಓದಲು ಬಾರದಿದ್ದರೆ "ಮಾತಾಡಬಲ್ಲೆ" ಅಂತ ಬರೆದರೂ ಸಾಕು.

ಊರಿಗೆ ಹೋದಾಗ ಮಾಲ್‌ಗಳ ನಡುವೆ ಒಂದು ಬೆಳಿಗ್ಗೆ ಮ್ಯೂಸಿಯಂಗೆ ಕೊಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲೇ ಎರಡಿವೆ. 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಒಂದು, 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ಮ್ಯೂಸಿಯಂ ಇನ್ನೊಂದು. ಸರ್ಕಾರಿ ಮ್ಯೂಸಿಯಂನ ಸಂಗ್ರಹದಲ್ಲಿ ಹತ್ತನೇ ಶತಮಾನದ ಆತಕೂರು ಶಾಸನವಿದೆ. ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾಯಿಯ ಕಥೆ ಅಂದರೆ ಯಾವ ಮಗು ತಾನೇ ನಿಲ್ಲುವುದಿಲ್ಲ?

ಲಂಡನ್ ಕಡೆ ಇರುವವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಹುಲಿಯನ್ನು ತೋರಿಸಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ವಶವಾದ ಮರದ ಹುಲಿ ಅದು. "ಇದು ಇಲ್ಲಿಗೆ ಹೇಗೆ ಬಂತು?" ಅಂತ ಮಗು ಕೇಳಿದರೆ ಉತ್ತರ ಹೇಳಲು ಅವಸರ ಬೇಡ. ಒಳ್ಳೆಯ ಇಂಟರ್ನ್ ಕೇಳುವ ಮೊದಲ ಪ್ರಶ್ನೆಯೇ ಅದು.

ಆಮೇಲೆ

ಮಗಳ ಕನ್ನಡ ಒಂದೇ ಬೇಸಿಗೆಯಲ್ಲಿ ನೀರಿನಂತೆ ಹರಿಯತೊಡಗಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಈಗಲೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾಳೆ. ಕಾಲೇಜಿನಲ್ಲಿ ಏನು ಓದುತ್ತಾಳೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಭಾನುವಾರದ ಫೋನ್ ಈಗ ಮೊದಲು ಅವಳ ಕೈಗೇ ಹೋಗುತ್ತದೆ.

ಆಗಸ್ಟ್‌ನಲ್ಲಿ ಕೊನೆಯ ಚೆಕ್ ಬಂದ ದಿನ ಅವ್ವ ಕೇಳಿದಳು, "ಪಗಾರ ಎಷ್ಟು ಕೊಟ್ರು ನಿನಗ?" ಮಗಳು ಮೊತ್ತ ಹೇಳಿದಳು. ಅವ್ವ ರೂಪಾಯಿಗೆ ಲೆಕ್ಕ ಹಾಕಿ, "ಗುಡುಗುಡಿ ತೋರಿಸಿದ್ದಕ್ಕ ಇಷ್ಟು ಕೊಟ್ರಾ?" ಅಂತ ಹುಬ್ಬೇರಿಸಿದಳು. ಫೋನ್ ಇಟ್ಟ ಮೇಲೆ ಮಗಳು ತನ್ನ ಇಂಟರ್ನ್‌ಶಿಪ್ ನೋಟ್‌ಬುಕ್ ತೆಗೆದು, "ಪಗಾರ ಅಂದ್ರೆ ಸ್ಯಾಲರಿನಾ ಅಮ್ಮ?" ಅಂತ ಕೇಳಿ ಬರೆದುಕೊಂಡಳು.